ಒಂದು ಎಳೆ ಆಚೆ

ಜ್ವರ ಬಿಟ್ಟ ಹದಿನೆಂಟನೆಯ ದಿನ, ಬೆಳಗಿನ ಚಹಾದ ಹೊತ್ತಿಗೆ, ನೀಲಗಂಗವ್ವನಿಗೆ ತನ್ನ ಗಂಡನ ಮೂಗು ಕಾಣದಾಯಿತು.

ಫಕ್ಕೀರಪ್ಪ ಎಂದಿನಂತೆ ಎದುರಿಗೆ ಕುಳಿತು ಬಸಿಗೆ ಸುರಿದುಕೊಂಡ ಚಹಾ ಹೀರುತ್ತಿದ್ದ. ಅವನ ಕಿವಿಗಳು ಇದ್ದಲ್ಲೇ ಇದ್ದವು, ತಲೆಯ ಮೇಲಿನ ಬಿಳಿ ಟೊಪ್ಪಿಗೆ ಇತ್ತು, ಅಂಗಿಯ ಮೇಲಿನ ಗುಂಡಿಯೂ ಇತ್ತು. ನಡುವೆ ಮಾತ್ರ ಯಾರೋ ಪಾಟಿಯ ಮೇಲಿನ ಅಕ್ಷರವನ್ನು ಒದ್ದೆ ಕೈಯಿಂದ ಒರೆಸಿದ ಹಾಗೆ ಮಬ್ಬು. ಚಹಾದ ಹಬೆ ಇರಬೇಕೆಂದು ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮಬ್ಬು ಕನ್ನಡಕದಲ್ಲಿರಲಿಲ್ಲ.

“ಯಾಕ, ಹಂಗ್ಯಾಕ ನೋಡಾಕತ್ತಿ?” ಎಂದ ಫಕ್ಕೀರಪ್ಪ.

“ನಿಮ್ಮ ಮೂಗು ಕಾಣವಲ್ದು.”

“ನಲವತ್ತು ವರ್ಷ ಕಂಡದ್ದು ಸಾಲಲಿಲ್ಲೇನು? ಅಷ್ಟೇನು ಚಂದದ ಮೂಗೂ ಅಲ್ಲ ಅದು.”

ಎಲ್ಲದಕ್ಕೂ ಒಂದು ಚಟಾಕಿ ಸಿದ್ಧವಾಗಿಟ್ಟುಕೊಂಡ ಮನುಷ್ಯ ಅವನು. ಊರಿನ ಕೊನೆಯ ಅಂಚೆಯವರಲ್ಲೊಬ್ಬ. ಕಾಗದ ಬರೆಯುವವರು ಮುಗಿದು, ಅಂಚೆಚೀಲ ವರ್ಷದಿಂದ ವರ್ಷಕ್ಕೆ ಹಗುರಾಗುತ್ತಾ ಹೋಗಿ, ಕೊನೆಗೆ ಬರೀ ಚೀಲ ಉಳಿದಾಗ ನಿವೃತ್ತನಾದವನು. ಆದರೆ ಆ ದಿನ ಬಸಿ ಕೆಳಗಿಟ್ಟು ಎದ್ದವನು ಎಡದ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡ. ಆ ವರ್ಷ ಧಾರವಾಡದಲ್ಲಿ ಜ್ವರ ಬಿಟ್ಟ ಮೇಲೆ ಕಣ್ಣು ಮಬ್ಬಾಯಿತೆಂದರೆ ಅದೇನೆಂದು ಎಲ್ಲರಿಗೂ ತಿಳಿದಿತ್ತು.

ಡಾಕ್ಟರರು ಅದಕ್ಕೆ ಉದ್ದದ ಹೆಸರಿಟ್ಟಿದ್ದರು. ಜನ ‘ಮಂಜು ಜ್ವರ’ ಅಂದರು. ಸೊಳ್ಳೆ ಕಚ್ಚಿ ಬರುತ್ತದೆ, ಎಂಟು ದಿನ ಮೈ ಸುಡುತ್ತದೆ, ಕೀಲು ಹಿಡಿಯುತ್ತದೆ, ಆಮೇಲೆ ತಾನಾಗಿ ಬಿಡುತ್ತದೆ. ಬಿಟ್ಟಿತೆಂದು ಮನೆಯವರು ದೇವರಿಗೆ ಕಾಯಿ ಒಡೆಸಿ ಬರುವಷ್ಟರಲ್ಲಿ ಕಣ್ಣೊಳಗೆ ಮಂಜು ಇಳಿಯುತ್ತದೆ. ರೋಗದ ಕ್ರಿಮಿ ಅಷ್ಟೊತ್ತಿಗೆ ಸತ್ತೇ ಹೋಗಿರುತ್ತದೆ. ಅದನ್ನು ಕೊಂದ ಮೈಯ ಕಾವಲು ಪಡೆಗೆ ಮಾತ್ರ ಸಿಟ್ಟು ಇಳಿದಿರುವುದಿಲ್ಲ. ಯುದ್ಧ ಮುಗಿದದ್ದು ಗೊತ್ತಾಗದೆ ಅದು ಕಣ್ಣಿನ ಹಿಂದಿನ ತೆಳುಪರದೆಯ ಮೇಲೆ, ಅಂದರೆ ಅಕ್ಷಿಪಟದ ಮೇಲೆ, ಏರಿ ಹೋಗುತ್ತದೆ. ಅಲ್ಲಿ ಊತ, ಉರಿ, ನೀರು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಜ್ವರ ಬಿಟ್ಟ ಆರು ವಾರದೊಳಗೆ ಉರಿಯೂತ ಇಳಿಸಿದರೆ ಕಣ್ಣು ಉಳಿಯಿತು. ಇಲ್ಲದಿದ್ದರೆ ಊದಿದ ಜಾಗ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಕಲೆಗೆ ಔಷಧವಿಲ್ಲ.

ನೀಲಗಂಗವ್ವನಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಹತ್ತನೆಯ ವಯಸ್ಸಿಗೇ ಚಿಣ್ಣಿದಾಂಡು ಆಡುವಾಗ ಚಿಣ್ಣಿಯ ಏಟು ತಿಂದು, ಬೆಳಕು ಕತ್ತಲೆ ಹೇಳುವಷ್ಟಕ್ಕೆ ಉಳಿದಿತ್ತು. ಉಳಿದ ಐವತ್ತೆರಡು ವರ್ಷಗಳ ಸಂಸಾರ, ಅಡುಗೆ, ಕಸೂತಿ, ಎಲ್ಲವನ್ನೂ ಬಲಗಣ್ಣೇ ಎಳೆದುಕೊಂಡು ಬಂದಿತ್ತು.

ಕಸೂತಿಯೆಂದರೆ ಆಗ ಊರಲ್ಲಿ ನೀಲಗಂಗವ್ವನೇ. ಗಂಟೆಗೆ ಹತ್ತು ಸೀರೆ ಮುಗಿಸುವ ಯಂತ್ರಗಳು ಬಂದು ಬಹಳ ಕಾಲವಾಗಿತ್ತು. ಕೈಯಿಂದ ಹಾಕುವವರು ಮೂರೋ ನಾಲ್ಕೋ ಮಂದಿ ಉಳಿದಿದ್ದರು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ, ಬರುವಾಗ ಬಿಟ್ಟದ್ದನ್ನು ತುಂಬುತ್ತಾ ಬರಬೇಕು. ಮುಗಿದ ಮೇಲೆ ಬಟ್ಟೆಯ ಮುಂದೆ ಯಾವುದು ಹಿಂದೆ ಯಾವುದು ಎಂದು ಹಾಕಿದವಳಿಗೂ ತಿಳಿಯಬಾರದು. ನೀಲಗಂಗವ್ವ ಕಣ್ಣು ಮುಚ್ಚಿಕೊಂಡು ಗೋಪುರ ಹಾಕುತ್ತಾಳೆ ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಆಕೆ ಬಾಯಲ್ಲಿ ‘ಏ, ಬಿಡವ್ವ’ ಅನ್ನುತ್ತಿದ್ದಳು, ಒಳಗೆ ಹಿಗ್ಗುತ್ತಿದ್ದಳು. ಕಡೆಗೆ ಆ ಹಿಗ್ಗೇ ಆಕೆಯ ಕಾಲಿಗೆ ತೊಡರಿಕೊಂಡಿತು.

ಕಣ್ಣಿನ ಆಸ್ಪತ್ರೆಯಲ್ಲಿ ಮಂಜು ಜ್ವರಕ್ಕೆಂದೇ ಒಂದು ಯಂತ್ರ ಬಂದಿತ್ತು. ಜನ ಅದನ್ನು ‘ಕಣ್ಣಿನ ಮಗ್ಗ’ ಎನ್ನುತ್ತಿದ್ದರು. ನೋಡಲು ಹಾಗೇನೂ ಇರಲಿಲ್ಲ, ಗದ್ದವಿಟ್ಟು ಕೂರುವ ಒಂದು ಬಿಳಿ ಗೂಡು, ಅಷ್ಟೆ. ಗಾಜಿನ ಆಚೆ ಕೋಣೆಯಲ್ಲಿ ಡಾಕ್ಟರ್ ತಬಸ್ಸುಮ್ ನದಾಫ್ ಪರದೆಯ ಮುಂದೆ ಕೂರುತ್ತಿದ್ದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಹುಬ್ಬಳ್ಳಿಯವರು. ಯಾರಿಗೂ ಅವಸರ ಮಾಡದ ಸ್ವಭಾವ.

“ನೋಡ್ರಿ ಅವ್ವಾರ,” ಎಂದು ಅವರು ಮೊದಲ ದಿನ ತಿಳಿಸಿ ಹೇಳಿದ್ದರು. “ನಿಮ್ಮ ಕಣ್ಣಾಗ ಈಗ ಔಷಧದ ಕಣ ಬಿಟ್ಟೀನಿ. ಧೂಳಿಗಿಂತ ಸಣ್ಣವು, ಮಲಗ್ಯಾವ. ಯಂತ್ರ ಒಂದೊಂದ ಬೆಳಕಿನ ಚುಕ್ಕಿ ತೋರಸ್ತದ, ಟಿಕ್ ಅಂತದ. ಚುಕ್ಕಿ ಕಂಡ್ರ ಗುಂಡಿ ಒತ್ರಿ. ಒತ್ತಿದ್ರಿ ಅಂದ್ರ ಅಲ್ಲಿ ಆರೋಗ್ಯ ಅದ, ಕಣ ಮಲಗೇ ಇರ್ತದ. ಒತ್ತಲಿಲ್ಲ ಅಂದ್ರ ಅಲ್ಲಿ ಬ್ಯಾನಿ ಅದ ಅಂತ ಯಂತ್ರಕ್ಕ ತಿಳೀತದ. ಅಲ್ಲೀ ಕಣಾನ ಎಬ್ಬಸ್ತದ.”

“ಎಲ್ಲಾ ಕಡೆ ಎಬ್ಬಿಸಿಬಿಟ್ರ ಆತಲ್ರಿ ಡಾಕ್ಟರ್ ಬಾಯಾರ?” ಎಂದು ಫಕ್ಕೀರಪ್ಪ ಕೇಳಿದ.

“ಚೊಲೋ ಇದ್ದ ಜಾಗಾ ಸುಡ್ತದ್ರಿ. ಮತ್ತ ಕ್ಯಾಮೆರಾಕ್ಕ ಊತ ಕಾಣ್ತದ, ಊತದೊಳಗ ಯಾವ ಕೋಶ ಮಂಕಾಗೇದ ಅದು ಕಾಣೂದಿಲ್ಲ. ಅದನ್ನ ಹೇಳಾವ್ರು ಜಗತ್ತಿನ್ಯಾಗ ಒಬ್ರ, ಇವ್ರು.” ಅವರು ನೀಲಗಂಗವ್ವನ ಭುಜ ಮುಟ್ಟಿದರು. “ಮೂರ ಸಲ ಮಾಡಬಹುದು, ವಾರಕ್ಕೊಮ್ಮೆ. ಅದಕ್ಕಿಂತ ಹೆಚ್ಚು ಕಣ್ಣು ತಡಕೊಳ್ಳೂದಿಲ್ಲ.”

ನೀಲಗಂಗವ್ವ ಗದ್ದವಿಟ್ಟು ಕುಳಿತಳು. ನಾಲ್ಕು ಮೂಲೆಗೆ ನಾಲ್ಕು ಹಸಿರು ದೀಪ, ಅವುಗಳ ನಡುವೆ ಕಣ್ಣು ನಿಲ್ಲಿಸಬೇಕು. ಟಿಕ್, ಟಿಕ್, ಟಿಕ್. ಚುಕ್ಕೆ ಎಡದಿಂದ ಬಲಕ್ಕೆ ಸಾಲು ಹಿಡಿದು ಹೊರಟಿತು. ರೋಗಿ ಸುಮ್ಮಸುಮ್ಮನೆ ಒತ್ತುತ್ತಿದ್ದಾರೋ ಏನೋ ಎಂದು ಪರೀಕ್ಷಿಸಲು ಯಂತ್ರ ನಡುನಡುವೆ ಬೆಳಕಿಲ್ಲದೆ ಬರೀ ಟಿಕ್ ಅನ್ನುತ್ತಿತ್ತು. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ನೀಲಗಂಗವ್ವನ ಬೆರಳಿಗೆ ಲಯ ಸಿಕ್ಕಿತ್ತು. ಆರು ಚುಕ್ಕೆ, ಒಂದು ಖಾಲಿ. ಮತ್ತೆ ಆರು, ಮತ್ತೆ ಖಾಲಿ. ಇದು ಆಕೆ ಸಾವಿರ ಸಲ ಹಾಕಿದ ಅಂಚು. ಚುಕ್ಕೆ ಮಬ್ಬಿನೊಳಗೆ ಹೋಗಿ ಮರೆಯಾದಾಗಲೂ ಬೆರಳು ನಿಲ್ಲಲಿಲ್ಲ. ಆಚೆ ಬದಿಯಲ್ಲಿ ಅದು ಮತ್ತೆ ಹೊರಬಂದಾಗ, ತಾನು ನಡುವಿನದನ್ನೂ ಕಂಡೆ ಎಂದೇ ಆಕೆಗೆ ಅನ್ನಿಸಿತು. ಸುಳ್ಳು ಹೇಳಿದಳೆಂದು ಯಾರೂ ತಿಳಿಯಬಾರದು. ಬಿಟ್ಟದ್ದನ್ನು ತುಂಬುವುದು ಆಕೆಗೆ ಉಸಿರಾಟದಂತೆ ಅಭ್ಯಾಸವಾಗಿತ್ತು.

ನೂರಕ್ಕೆ ತೊಂಬತ್ತೇಳು ಚುಕ್ಕೆ ಕಂಡಿವೆ ಎಂದು ಯಂತ್ರ ವರದಿ ಕೊಟ್ಟಿತು. ಔಷಧದ ಕಣಗಳೆಲ್ಲ ಮಲಗಿದಲ್ಲೇ ಮಲಗಿದವು.

ಮನೆಗೆ ಬಂದ ಮೂರನೆಯ ದಿನ ಮಬ್ಬಿನೊಳಗೆ ಏನೋ ಮೂಡತೊಡಗಿತು.

ಆಕೆ ಅಕ್ಕಿ ಆರಿಸಲು ಕುಳಿತಿದ್ದಳು. ಮೊರದ ನಡುವಿನ ಅಕ್ಕಿ ಕಾಣುತ್ತಿರಲಿಲ್ಲ. ಅಲ್ಲಿ ಒಂದು ಬಿಳಿಯ ಗೆರೆ ಎದ್ದಿತು. ಮೂರು ಎಳೆ ಮೇಲಕ್ಕೆ, ಮೂರು ಎಳೆ ಬಲಕ್ಕೆ, ಮತ್ತೆ ಮೇಲಕ್ಕೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆಯೊಂದು ಎದ್ದು, ಕಟ್ಟೆಯ ಮೇಲೆ ಗಿಡ ಎದ್ದು, ಎಲೆ ಬಿಟ್ಟಿತು. ಸುತ್ತಲೂ ಇದ್ದಿಲಿಗಿಂತ ಕಪ್ಪು ಬಟ್ಟೆ. ನೀಲಗಂಗವ್ವನ ಕೈಯಿಂದ ಮೊರ ಜಾರಿತು.

ಅದು ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ತುಳಸಿಕಟ್ಟೆ.

ಆಕೆ ಗೋಡೆ ನೋಡಿದಳು, ತುಳಸಿಕಟ್ಟೆ ಗೋಡೆಯ ಮೇಲಿತ್ತು. ಕಿಟಕಿಯಾಚೆಗೆ ನೋಡಿದಳು, ತುಳಸಿಕಟ್ಟೆ ಆಕಾಶದಲ್ಲಿತ್ತು. ಎತ್ತ ನೋಡಿದರೂ ನಟ್ಟ ನಡುವೆ ಅದೇ. ಅದರ ಒಂದೊಂದು ಹೊಲಿಗೆಯೂ ನಿನ್ನೆ ಹಾಕಿದಷ್ಟು ಬೆಳ್ಳಗಿತ್ತು. ಹುಚ್ಚು ಹಿಡಿಯಿತೋ ಎಂಬ ಹೆದರಿಕೆ ಒಂದು ಗಳಿಗೆ. ಆಮೇಲೆ ಹೆದರಿಕೆ ಹೋಗಿ ಅಳು ಬಂತು. ಅದು ಸಂತೋಷದ ಅಳು.

ಆ ಸೀರೆಯನ್ನು ಆಕೆ ನೋಡಿ ಮೂವತ್ತೊಂದು ವರ್ಷವಾಗಿತ್ತು. ಅವ್ವ ಕಲ್ಲವ್ವನನ್ನು ಮಣ್ಣಿಗಿಡುವಾಗ ಅದನ್ನೇ ಉಡಿಸಿದ್ದರು, ಅವಳೇ ಬೇಡಿದ್ದಳು. ಒಂದು ಫೋಟೋ ಕೂಡ ಇರಲಿಲ್ಲ. ಗುಂಡಿ ಒತ್ತುವ ಹಳೆಯ ಮೊಬೈಲಿನಲ್ಲಿ ತೆಗೆದ ಒಂದಿತ್ತು, ಅದರಲ್ಲಿ ಅವ್ವನ ಮುಖವೂ ಸೆರಗೂ ಸೇರಿ ಮಸಿಯಂತಾಗಿತ್ತು. ಆ ಮೊಬೈಲೂ ಸತ್ತು ಹೋಯಿತು.

ಹೊಸಯಲ್ಲಾಪುರದ ತವರುಮನೆಯ ಪಡಸಾಲೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿದ್ದ ಆ ಕಾಲ, ಕರೆಂಟು ಹೋದರೂ ನಿಲ್ಲದ ಅವ್ವನ ಸೂಜಿ. ನೀಲಗಂಗವ್ವನ ಎಡಗಣ್ಣಿಗೆ ಏಟು ಬಿದ್ದ ವರ್ಷವೇ ಅವ್ವ ಆ ಸೀರೆ ಹಾಕುತ್ತಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೂಲೆ ಹಿಡಿದ ಮಗಳನ್ನು ಒಂದು ಮಧ್ಯಾಹ್ನ ಹತ್ತಿರ ಕರೆದಳು.

“ಬಾ ಇಲ್ಲೆ. ಸೂಜಿ ಪೋಣಸು.”

“ಒಂದ ಕಣ್ಣೈತಿ ನನಗ.”

“ಎರಡಿದ್ದಾವ್ರೂ ಸೂಜಿ ಪೋಣಸುವಾಗ ಒಂದು ಮುಚ್ಚಿಕೋತಾರ. ನಿನಗ ಆ ತ್ರಾಸಿಲ್ಲ. ಬಾ.”

ಅಂದು ಕಟ್ಟೆಯ ನಟ್ಟ ನಡುವಿನ ದೀಪದ ಗೂಡನ್ನು ಅವ್ವ ಮಗಳಿಗೆ ಬಿಟ್ಟುಕೊಟ್ಟಳು. ನಾಲ್ಕೇ ನಾಲ್ಕು ಹೊಲಿಗೆಯ ಗೂಡು. ಒಂದೇ ಕಣ್ಣಿಗೆ ಇನ್ನೂ ಅಂದಾಜು ಸಿಗದೆ, ಅದು ಒಂದು ಎಳೆ ಬಲಕ್ಕೆ ಬಿತ್ತು. ಅವ್ವ ಬಟ್ಟೆ ಮಗುಚಿ ಹಿಂಬದಿ ನೋಡಿದಳು. ಅವಳು ಮೊದಲು ನೋಡುತ್ತಿದ್ದದ್ದು ಯಾವಾಗಲೂ ಹಿಂಬದಿಯನ್ನೇ. ಎಂಥ ದೊಡ್ಡವರು ಹಾಕಿದ ಕಸೂತಿಯಾದರೂ ಒಂದು ಎಳೆ ತಪ್ಪಿದ್ದರೆ ಬಿಚ್ಚಿಸುವ ಹೆಂಗಸು. “ಬಿಚ್ಚೂದೂ ಕಸೂತೀನ” ಎನ್ನುವುದು ಅವಳ ಮಾತು. ಮಗಳು ಬಿಚ್ಚಲು ಸೂಜಿ ಎತ್ತಿದಾಗ ಮಾತ್ರ, “ಇರ್ಲಿ ಬಿಡು, ನಾ ನೋಡ್ಕೋತೀನಿ” ಎಂದು ಬಟ್ಟೆ ತೆಗೆದುಕೊಂಡಳು. ಆಮೇಲೆ ಬಿಚ್ಚಿ ಸರಿಮಾಡಿರಬೇಕು ಎಂದೇ ನೀಲಗಂಗವ್ವ ತಿಳಿದಿದ್ದಳು. ತಿರುಗಿ ನೋಡುವ ಧೈರ್ಯ ಆಗ ಇರಲಿಲ್ಲ, ಆಮೇಲೆ ಮರೆತೇ ಹೋಯಿತು.

ಈ ತುಳಸಿಕಟ್ಟೆಯ ಸಂಗತಿಯನ್ನು ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಕಸಿದುಕೊಳ್ಳುತ್ತಾರೆ ಎನ್ನಿಸಿತು.

ಎರಡನೆಯ ವಾರವೂ ಯಂತ್ರ ನೂರಕ್ಕೆ ತೊಂಬತ್ತೆಂಟು ಎಂದಿತು. ತಬಸ್ಸುಮ್ ವರದಿ ಹಿಡಿದು ಹೊರಬಂದರು. ಎರಡು ಸಲ ಚಿಕಿತ್ಸೆಯಾದರೂ ಊತ ಒಂದಿಷ್ಟೂ ಇಳಿದಿರಲಿಲ್ಲ. ನೀಲಗಂಗವ್ವ ಅವರ ಜೊತೆ ಮಾತಾಡುವಾಗ ಅವರ ಕಿವಿಯ ಓಲೆಯನ್ನು ನೋಡುತ್ತಿದ್ದಳು. ಯಂತ್ರದ ವರದಿಗೂ ಆಕೆಯ ನೋಟಕ್ಕೂ ತಾಳೆಯಾಗುತ್ತಿರಲಿಲ್ಲ.

“ಬಾಯಾರ, ಇದು ನಿಮಗ,” ಎಂದು ನೀಲಗಂಗವ್ವ ಚೀಲದಿಂದ ಒಂದು ಕರವಸ್ತ್ರ ತೆಗೆದು ಕೊಟ್ಟಳು. ಮೂಲೆಯಲ್ಲಿ ಸಣ್ಣದೊಂದು ಕಮಲ. ತಬಸ್ಸುಮ್ ಅದನ್ನು ತೆಗೆದುಕೊಂಡು, ಯೋಚನೆಯ ನಡುವೆಯೇ, ಮಗುಚಿ ಹಿಂಬದಿ ನೋಡಿದರು.

“ನೀವೂ ಹಿಂದ ನೋಡ್ತೀರಿ?” ನೀಲಗಂಗವ್ವನಿಗೆ ಅಚ್ಚರಿಯಾಯಿತು.

“ನಮ್ಮದು ಹತ್ತಿ ಹಿಂಜಾವ್ರ ಮನಿತನರೀ. ಗಾದಿ ಇರಲಿ ಬಟ್ಟಿ ಇರಲಿ, ಮೊದಲ ಒಳಗ ನೋಡು ಅಂತಿದ್ರು ನಮ್ಮಜ್ಜಾ.” ಹಿಂಬದಿಯೂ ಮುಂಬದಿಯೂ ಒಂದೇ ಆಗಿತ್ತು. ಒಂದು ಎಳೆ ತಪ್ಪಿರಲಿಲ್ಲ. “ಜ್ವರಕ್ಕಿಂತ ಮೊದಲ ಹಾಕಿದ್ದೇನ್ರಿ ಇದು?”

“ಅಲ್ರಿ. ಮೊನ್ನೆ ಶುಕ್ರವಾರ.”

ತಬಸ್ಸುಮ್ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು. “ಅವ್ವಾರ, ಸೂಜಿ ತುದಿ ಕಾಣ್ತದೇನು ನಿಮಗ?”

“ಇಲ್ರಿ.”

“ಮತ್ತ ಇದನ್ನ ಹೆಂಗ ಹಾಕಿದ್ರಿ?”

“ಕಣ್ಣ ಯಾತಕ ಬೇಕ್ರಿ, ಕೈಗೆ ಗೊತ್ತಿರ್ತೈತಿ,” ಎಂದಳು ನೀಲಗಂಗವ್ವ, ಕೊಂಚ ಬಿಂಕದಿಂದಲೇ. “ಎಲ್ಲಿ ಬಿಟ್ಟೈತಿ, ಎಲ್ಲಿ ತುಂಬಬೇಕು, ಅದ ತಾನ ಹೋಕ್ಕೈತಿ.”

ಹೇಳಿ ಮುಗಿಸುವಷ್ಟರಲ್ಲಿ ಆಕೆಗೇ ಅರ್ಥವಾಯಿತು. ಡಾಕ್ಟರರಿಗೂ ಅರ್ಥವಾಯಿತು. ಫಕ್ಕೀರಪ್ಪನಿಗೆ ಮಾತ್ರ ಆಗಲಿಲ್ಲ. ಅವನು ಕಮಲ ಚೆನ್ನಾಗಿದೆ ಎಂದು ಹೊಗಳುತ್ತಿದ್ದ.

“ಗುಂಡೀನೂ ಕೈಯ ಒತ್ತೇತಿ, ಹೌದಲ್ರಿ?” ಎಂದು ನೀಲಗಂಗವ್ವ ಸಣ್ಣ ದನಿಯಲ್ಲಿ ಕೇಳಿದಳು. ತನ್ನ ಕಣ್ಣಿಗೆ ತಾನೇ ಮೋಸ ಮಾಡಿದ ನಾಚಿಕೆಯಿಂದ ಆಕೆಯ ಮುಖ ಬಾಡಿತು. ಎರಡು ಸರದಿ ವ್ಯರ್ಥವಾಗಿದ್ದವು, ಒಂದು ಉಳಿದಿತ್ತು. ಇನ್ನೊಂದು ವಾರ ಕಳೆದರೆ ಜ್ವರ ಬಿಟ್ಟ ಮೇಲಿನ ಆರನೆಯ ವಾರ ಹುಟ್ಟುತ್ತದೆ.

“ತಪ್ಪು ನಿಮ್ಮದಲ್ಲ. ಇಂಥಾ ಕೈ ಇರ್ತಾವ ಅಂತ ಯಂತ್ರ ಮಾಡಿದಾವ್ರಿಗೆ ಗೊತ್ತಿರಲಿಲ್ಲ,” ಎಂದರು ತಬಸ್ಸುಮ್. ಆಮೇಲೆ ಮುಂದಕ್ಕೆ ಬಾಗಿ ಕೇಳಿದರು. “ಖರೇ ಹೇಳ್ರಿ. ಆ ನಡುವಿನ ಜಾಗಾದಾಗ ಬರೇ ಮಬ್ಬ ಅದನೋ, ಮತ್ತೇನರ ಕಾಣ್ತದೋ?”

ನೀಲಗಂಗವ್ವ ಗಂಡನ ಕಡೆ ತಿರುಗಿದಳು. ಅವನ ಮುಖವಿರಬೇಕಾದಲ್ಲಿ ತುಳಸಿಕಟ್ಟೆ ಇತ್ತು. ಆಕೆ ಎಲ್ಲವನ್ನೂ ಹೇಳಿದಳು.

ಯಾರೂ ನಗಲಿಲ್ಲ. ಇದು ಹುಚ್ಚಲ್ಲ, ಎಷ್ಟೋ ಜನಕ್ಕೆ ಆಗುತ್ತದೆ ಎಂದು ತಬಸ್ಸುಮ್ ತಿಳಿಸಿದರು. ಮಿದುಳಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಕಣ್ಣಿನಿಂದ ಸುದ್ದಿ ಬರುವುದು ನಿಂತಲ್ಲಿ ಅದು ತನ್ನ ಹಳೆಯ ಟ್ರಂಕು ತೆರೆದು, ಕೈಗೆ ಸಿಕ್ಕ ಬಟ್ಟೆ ತೆಗೆದು ಹಾಸುತ್ತದೆ. “ಎಲ್ಲಿ ನಿಮ್ಮವ್ವನ ಕಸೂತಿ ಅದನೋ, ಅಲ್ಲೇ ನಿಮ್ಮ ಬ್ಯಾನೀನೂ ಅದ ಅವ್ವಾರ,” ಎಂದು ಹೇಳಿ ಅವರು ತಟಕ್ಕನೆ ನಿಲ್ಲಿಸಿದರು. ತಮ್ಮ ಮಾತನ್ನು ತಾವೇ ಆಗಷ್ಟೇ ಕೇಳಿಸಿಕೊಂಡ ಹಾಗೆ.

ಅಲ್ಲಿಂದಲೇ ಉಪಾಯ ಹೊಳೆಯಿತು. ಈ ಸಲ ಯಂತ್ರ ತಾನಾಗಿ ಓಡುವುದಿಲ್ಲ, ನೀಲಗಂಗವ್ವನೇ ಓಡಿಸಬೇಕು. ಸಣ್ಣದೊಂದು ಹಿಡಿಕೆ ತಿರುಗಿಸಿದರೆ ಚುಕ್ಕೆ ಒಂದು ಹೆಜ್ಜೆ ಸರಿಯುತ್ತದೆ. ಒಂದು ಹೆಜ್ಜೆಯೆಂದರೆ ಒಂದು ಎಳೆ ಎಂದುಕೊಂಡರಾಯಿತು. ಚುಕ್ಕೆ ಕಸೂತಿಯೊಳಗೆ ಹೋದ ಮೇಲೆ ಕಾಣುವುದಿಲ್ಲ. ಎಣಿಸಿಕೊಂಡು ಹೋಗಿ, ಅವ್ವನ ಹೊಲಿಗೆ ಇದ್ದಲ್ಲಿ ಗುಂಡಿ ಒತ್ತಬೇಕು. ಮೊದಲಿನ ಹಾಗಲ್ಲ, ಈಗ ಒತ್ತಿದಲ್ಲಿ ಕಣ ಏಳುತ್ತದೆ, ಸುತ್ತಲಿನ ಅಷ್ಟಿಷ್ಟು ಜಾಗಕ್ಕೂ ಹರಡುತ್ತದೆ.

“ನಟ್ಟ ನಡುವ ಮಾತ್ರ ಹರಡೂದಿಲ್ಲ,” ಎಂದು ಅವರು ಎಚ್ಚರಿಸಿದರು. “ಮಾರಿ ಗುರುತ ಹಿಡಿಯೂದು, ಅಕ್ಷರ ಓದೂದು, ಸೂಜಿ ತುದಿ ಕಾಣೂದು, ಎಲ್ಲಾ ಅಲ್ಲೇ. ಅಲ್ಲಿ ಒಂದೊಂದ ಕೋಶಾನೂ ಬ್ಯಾರೆ ಬ್ಯಾರೆ. ಅಲ್ಲಿ ಒಂದು ಹೆಜ್ಜಿ ತಪ್ಪಿದ್ರ ಬ್ಯಾನಿ ಹಂಗ ಉಳೀತದ, ಚೊಲೋದು ಸುಡ್ತದ.” ಆಮೇಲೆ ಸೇರಿಸಿದರು. “ಇನ್ನೊಂದು. ಒತ್ತಿದಂಗ ಒತ್ತಿದಂಗ ಆ ಕಸೂತಿ ಹೋಗ್ತದ. ಮತ್ತ ಬರೂದಿಲ್ಲ.”

ಆ ವಾರ ನೀಲಗಂಗವ್ವ ಹಗಲೆಲ್ಲ ಪಡಸಾಲೆಯ ಬಿಳಿಗೋಡೆಯ ಮುಂದೆ ಕೂರುತ್ತಿದ್ದಳು. ಗೋಡೆಯ ಮೇಲೆ ಅವ್ವನ ಸೆರಗು ಹರಡಿಕೊಳ್ಳುತ್ತಿತ್ತು. ನೋಡುತ್ತಾ ಕುಳಿತರೆ ಅವ್ವನ ಬಳೆಯ ಸದ್ದೂ ಕೇಳಿದಂತಾಗುತ್ತಿತ್ತು, ಎಲೆಯಡಿಕೆಯ ವಾಸನೆಯೂ ಬಂದಂತಾಗುತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ ಮಣ್ಣಿನಲ್ಲಿಟ್ಟದ್ದು ತಾನಾಗಿ ಎದ್ದು ಬಂದಿದೆ. ಅದನ್ನು ಮತ್ತೆ ತನ್ನ ಕೈಯಿಂದಲೇ ಹೂಳಬೇಕೇ?

“ಬ್ಯಾಡ ಅನಸ್ತೈತಿ,” ಎಂದಳು ಒಂದು ಮಧ್ಯಾಹ್ನ. “ಹಿಂಗ ಇದ್ದುಬಿಡ್ತೀನಿ.”

ಫಕ್ಕೀರಪ್ಪ ಶೇಂಗಾ ಸುಲಿಯುತ್ತಿದ್ದ. “ನಿಮ್ಮವ್ವನ ಸೀರಿಗೂ ನನ್ನ ಮಾರಿಗೂ ಪಂದ್ಯಾ ಇಟ್ರ ನಾ ಸೋಲಾಂವ ಅಂತ ಗೊತ್ತೈತಿ ಬಿಡು,” ಎಂದ. ಆಕೆ ನಗಲಿಲ್ಲ. ಅವನು ಸಿಪ್ಪೆ ಕೊಡವಿ ಎದ್ದು ಆಕೆಯ ಎದುರಿಗೆ ಬಂದು ಕುಳಿತ. ಮದುವೆಯಾದ ಈ ನಲವತ್ತು ವರ್ಷಗಳಲ್ಲಿ ಅವನ ದನಿ ಹೀಗಾದದ್ದನ್ನು ಆಕೆ ಕೇಳಿರಲಿಲ್ಲ.

“ನೀಲಾ, ಮನಿ ಮನಿಗೆ ಕಾಗದ ಕೊಟ್ಟಾಂವ ನಾನು. ಎಲ್ಲಾರೂ ನನ್ನ ಕೈ ನೋಡ್ತಿದ್ರು, ಮಾರಿ ಯಾರೂ ನೋಡ್ತಿರಲಿಲ್ಲ. ಮನಿಗೆ ಬಂದ್ರ ನೀ ನೋಡ್ತಿದ್ದಿ. ಈಗ ನೀನೂ ಕಿವಿ ನೋಡಿ ಮಾತಾಡ್ತಿ. ನನಗ ಅದು ಭಾಳ ಕೆಡಕ ಅನಸ್ತೈತಿ.”

ನೀಲಗಂಗವ್ವ ಕೈ ಚಾಚಿ, ತುಳಸಿಕಟ್ಟೆಯ ಆಚೆ ಎಲ್ಲೋ ಇದ್ದ ಅವನ ಗಲ್ಲ ಮುಟ್ಟಿದಳು. ಗಲ್ಲ ಒದ್ದೆಯಾಗಿತ್ತು.

ಮೂರನೆಯ ಸರದಿ ಸೋಮವಾರ ಬೆಳಿಗ್ಗೆ. ಗಾಜಿನಾಚೆ ತಬಸ್ಸುಮ್, ಅವರ ಪಕ್ಕದಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದ ಫಕ್ಕೀರಪ್ಪ. ನೀಲಗಂಗವ್ವ ಗದ್ದವಿಟ್ಟಳು. ನಾಲ್ಕು ಹಸಿರು ದೀಪಗಳ ನಡುವೆ ತುಳಸಿಕಟ್ಟೆ ಎದ್ದು ನಿಂತಿತು.

ಆಕೆ ಗಿಡದ ತುದಿಯಿಂದ ಹೊರಟಳು. ಒಂದು, ಎರಡು, ಮೂರು, ಒತ್ತು. ತುದಿಯ ಎಲೆಯ ಹೊಲಿಗೆ ಒಮ್ಮೆ ಮಿಣುಕಿ ಆರಿತು. ಒಂದು, ಎರಡು, ಮೂರು, ಒತ್ತು. ಅವ್ವ ಹಾಕಿದ ಕ್ರಮದಲ್ಲೇ ಆಕೆ ಬಿಚ್ಚುತ್ತಾ ಹೋದಳು. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಉಳಿದದ್ದು. ಕೊಂಬೆ ಹೋಯಿತು, ಕಾಂಡ ಹೋಯಿತು. ಬಿಚ್ಚೂದೂ ಕಸೂತೀನ, ಬಿಚ್ಚೂದೂ ಕಸೂತೀನ ಎಂದು ಬಾಯಲ್ಲಿ ಅನ್ನುತ್ತಲೇ ಇದ್ದಳು. ಮುಕ್ಕಾಲು ಗಂಟೆ ಕಳೆಯುವ ಹೊತ್ತಿಗೆ ಕಟ್ಟೆಯ ಮೆಟ್ಟಿಲುಗಳೆಲ್ಲ ಇಳಿದು ಹೋಗಿ, ನಟ್ಟ ನಡುವಿನ ದೀಪದ ಗೂಡೊಂದು ಉಳಿಯಿತು.

ನಾಲ್ಕು ಹೊಲಿಗೆ. ಆಕೆ ಎಡದಿಂದ ಎಣಿಸಿದಳು. ಕಟ್ಟೆಯ ಅಂಚು ಇದ್ದಲ್ಲಿಂದ ಹನ್ನೆರಡನೆಯ ಎಳೆಗೆ ಗೂಡು ಬರಬೇಕು. ಹನ್ನೆರಡಕ್ಕೆ ಒತ್ತಲು ಹೆಬ್ಬೆರಳು ಎದ್ದಿತು, ಐವತ್ತು ವರ್ಷದ ಕೈ ಅದು, ಅದಕ್ಕೆ ಗೊತ್ತಿತ್ತು. ಆದರೆ ಆಕೆ ಈ ಸಲ ಕೈಯನ್ನು ನಂಬಬಾರದೆಂದು ಬಂದವಳು. ನೋಡಿದಳು.

ಗೂಡು ಹನ್ನೆರಡರಲ್ಲಿರಲಿಲ್ಲ, ಹದಿಮೂರರಲ್ಲಿತ್ತು. ಒಂದು ಎಳೆ ಆಚೆ.

ನೀಲಗಂಗವ್ವ ಮತ್ತೆ ಎಣಿಸಿದಳು. ಹದಿಮೂರೇ. ಆ ನಾಲ್ಕು ಹೊಲಿಗೆಗಳು ಉಳಿದವುಗಳ ಹಾಗೆ ನೇರವಾಗಿಯೂ ಇರಲಿಲ್ಲ, ಕಣ್ಣಿಗೆ ಪಟ್ಟಿ ಕಟ್ಟಿದ ಹತ್ತು ವರ್ಷದ ಹುಡುಗಿಯ ಬಿಗಿದ ಕೈಯ ಹೊಲಿಗೆಗಳು. ಅವ್ವ ಅದನ್ನು ಬಿಚ್ಚಿರಲಿಲ್ಲ. ಊರಿಗೆಲ್ಲ ಬಿಚ್ಚಿಸಿದ ಕಲ್ಲವ್ವ, ಒಂದು ಎಳೆ ತಪ್ಪಿದ ಸೆರಗನ್ನು ಮದುವೆ ಮುಂಜಿಗಳಲ್ಲಿ ಹೊದ್ದು ತಿರುಗಿದ್ದಳು. ಕಸೂತಿ ಬಲ್ಲ ನೂರು ಹೆಂಗಸರ ಕಣ್ಣಿಗೆ ಬಿದ್ದಿರಬೇಕು ಅದು. ಕಡೆಗೆ ಅದನ್ನೇ ಉಡಿಸಿರೆಂದು ಬೇಡಿ, ಉಟ್ಟುಕೊಂಡು ಹೋಗಿದ್ದಳು. ಮಗಳ ಮನಸ್ಸು ಮರೆತದ್ದನ್ನು ಕಣ್ಣು ಇಷ್ಟು ವರ್ಷ ಮರೆಯದೆ ಇಟ್ಟುಕೊಂಡಿತ್ತು.

ಗಾಜಿನಾಚೆ ತಬಸ್ಸುಮ್ ಎದ್ದು ನಿಂತರು. “ಅವ್ವಾರ, ನಡುವಕ್ಕ ಬಂದೀರಿ. ಅವಸರಿಲ್ಲ. ಎಲ್ಲಿರಬೇಕು ಅಂತ ಅಲ್ಲ, ಎಲ್ಲಿ ಅದನೋ ಅಲ್ಲಿ.”

ಕೈ ಇನ್ನೂ ಹನ್ನೆರಡು ಎನ್ನುತ್ತಿತ್ತು. ತಿದ್ದು, ತುಂಬು, ಸರಿಮಾಡು ಎನ್ನುತ್ತಿತ್ತು. ಆಕೆ ಹಿಡಿಕೆಯನ್ನು ಇನ್ನೊಂದು ಹೆಜ್ಜೆ ತಿರುಗಿಸಿದಳು. ಕಣ್ಣಿನ ನೀರು ಗದ್ದದ ಪಟ್ಟಿಯ ಮೇಲೆ ಇಳಿಯುತ್ತಿತ್ತು. “ಅವ್ವಾ,” ಎಂದು ಕರೆದು, ತನ್ನ ತಪ್ಪು ಇದ್ದಲ್ಲಿಯೇ ಒತ್ತಿದಳು. ಒಂದು. ಎರಡು. ಮೂರು. ನಾಲ್ಕನೆಯದನ್ನು ಒತ್ತುವ ಮೊದಲು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಒತ್ತಿದಳು.

ಗೂಡು ಆರಿತು. ಏನೂ ಇಲ್ಲದ ಬೂದು ಮಬ್ಬು ಉಳಿಯಿತು.

ಎಂಟು ದಿನ ಕಣ್ಣಿಗೆ ಪಟ್ಟಿ. ಒಂಬತ್ತನೆಯ ದಿನ ತಬಸ್ಸುಮ್ ತಾವೇ ಪಟ್ಟಿ ಬಿಚ್ಚಿದರು. ಮೊದಲು ಬರೀ ಬೆಳಕು, ಆಮೇಲೆ ಬೆಳಕಿನೊಳಗೆ ಒಂದು ಟೊಪ್ಪಿಗೆ, ಎರಡು ಕಿವಿ, ಅವುಗಳ ನಡುವೆ ನಿಧಾನಕ್ಕೆ, ಆದರೆ ಸಂದೇಹವಿಲ್ಲದೆ, ಒಂದು ಮೂಗು.

“ಏನ್ರಿ, ಮೂಗಿನ ಮ್ಯಾಲಿನ ಈ ಮಚ್ಚಿ ಯಾವಾಗಿಂದ ಐತಿ?” ಎಂದಳು ನೀಲಗಂಗವ್ವ.

“ಲಗ್ನದಾಗೂ ಇತ್ತು,” ಎಂದ ಫಕ್ಕೀರಪ್ಪ. ಅಂದವನೇ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡ. ತಬಸ್ಸುಮ್ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಕೈಯಲ್ಲಿ ಆ ಕಮಲದ ಕರವಸ್ತ್ರವಿತ್ತು.

ಮನೆಗೆ ಬಂದು ನೀಲಗಂಗವ್ವ ಬಿಳಿಗೋಡೆ ನೋಡಿದಳು. ಗೋಡೆ ಗೋಡೆಯಾಗಿತ್ತು. ಒಂದು ಹಳೆಯ ಮೊಳೆ ಇತ್ತು, ಸುಣ್ಣ ಬಿಟ್ಟ ಗುರುತಿತ್ತು. ಅವ್ವ ಎರಡನೆಯ ಸಲ ಹೋದಂತಾಗಿ ಆಕೆ ಅಲ್ಲಿಯೇ ಕುಳಿತು ಬಹಳ ಹೊತ್ತು ಅತ್ತಳು. ಅಳು ಮುಗಿದ ಮೇಲೆ ಎದ್ದು ಪೆಟ್ಟಿಗೆಯಿಂದ ಕಪ್ಪು ಬಟ್ಟೆ ತೆಗೆದಳು, ಬಿಳಿ ದಾರ ತೆಗೆದಳು. ಸೂಜಿ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು.

ಒಂದೊಂದೇ ಎಳೆ ಎಣಿಸಿ ಬಿಚ್ಚಿದವಳಿಗೆ ಒಂದೊಂದೂ ನೆನಪಿತ್ತು. ತುಳಸಿ ಮದುವೆಯ ಹೊತ್ತಿಗೆ ಬಟ್ಟೆಯ ಮೇಲೆ ಕಟ್ಟೆ ಎದ್ದಿತ್ತು, ಗಿಡ ಎಲೆ ಬಿಟ್ಟಿತ್ತು. ಫಕ್ಕೀರಪ್ಪನಿಗೆ ಈಚೆಗೆ ಹೆಂಡತಿಯ ಪಕ್ಕ ಕುಳಿತು ಹೊಲಿಗೆ ಎಣಿಸುವ ಹೊಸ ಹುಚ್ಚು ಹತ್ತಿತ್ತು. ಕನ್ನಡಕ ಮೂಗಿಗಿಳಿಸಿ, ಬೆರಳಿಟ್ಟು ಎಣಿಸಿದ. ಮತ್ತೊಮ್ಮೆ ಎಣಿಸಿದ.

“ನೀಲಾ, ಸಿಟ್ಟಿಗೇಳಬ್ಯಾಡ. ಈ ದೀಪದ ಗೂಡು ನಡುವ ಬಂದಿಲ್ಲ. ಒಂದು ಎಳಿ ಆಕಡೆ ಹೋಗೇತಿ. ಬಿಚ್ಚತೀಯೇನು?”

ನೀಲಗಂಗವ್ವ ಬಟ್ಟೆ ಮಗುಚಿ ಹಿಂಬದಿ ನೋಡಿದಳು. ಅಲ್ಲಿಯೂ ಒಂದು ಎಳೆ ಆಚೆಗೇ ಇತ್ತು.

“ಇರ್ಲಿ ಬಿಡ್ರಿ,” ಎಂದಳು.